ಹದಿನಾಲ್ಕನೇ ಪೀಪಾಯಿ

ಮಾರ್ಚ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಒಂಬತ್ತು ನಲವತ್ತು. ಠಾಣೆಯ ಮೆಟ್ಟಿಲು ಹತ್ತಿ ಬಂದ ದೂರುದಾರನ ಎರಡೂ ಕೈಯಲ್ಲಿ ಒಂದೊಂದು ಬಕೆಟ್ಟು, ಬಕೆಟ್ಟಿನ ತುಂಬ ಗೋಲಿ. ಮಕ್ಕಳು ಆಡುವ ಗಾಜಿನ ಗೋಲಿಯೇ, ಸ್ವಲ್ಪ ದೊಡ್ಡ ಸೈಜಿನದು; ಎಲ್ಲವೂ ಕೆಂಪಗೆ ಒದ್ದೆಯಾಗಿದ್ದವು. ದಫೇದಾರರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವರು ಚಾಕು ಹಿಡಿದು ಬಂದವರನ್ನು ನೋಡಿದ್ದರು, ಮುರಿದ ಹಲ್ಲು ಕಟ್ಟಿಕೊಂಡು ಬಂದವರನ್ನು ನೋಡಿದ್ದರು, ಒಬ್ಬ ಪುಣ್ಯಾತ್ಮ ಪಕ್ಕದ ಮನೆಯವನ ಬೇಲಿಯನ್ನೇ ಕಿತ್ತು ಹೊತ್ತು ತಂದಿದ್ದ. ಗೋಲಿ ಇದೇ ಮೊದಲು.

"ಏನ್ರೀ ಇದು, ಹುಡುಗರ ಜಗಳಾನ?"

"ಕಳ್ಳತನ ಸಾರ್. ಇನ್ನೂ ಒಂದು ಬಕೆಟ್ಟು ಗಾಡೀಲಿದೆ."

"ಗೋಲಿ ಕಳ್ಳತನಾನ?"

"ಕದ್ದಿದ್ದು ವೈನು ಸಾರ್. ಗೋಲಿ ಕಳ್ಳ ಬಿಟ್ಟು ಹೋಗಿದ್ದು."

ದಫೇದಾರರು ಎದ್ದು ಒಳಗೆ ಹೋಗಿ ಇನ್ಸ್‌ಪೆಕ್ಟರ್ ಮೇಡಂ ಅವರನ್ನು ಕರೆತಂದರು. ತಲೆನೋವಿನ ಕೇಸುಗಳನ್ನು ಮೇಡಂ ಮೇಜಿಗೆ ದಾಟಿಸುವುದರಲ್ಲಿ ಅವರದು ಪಳಗಿದ ಕೈ. ಇನ್ಸ್‌ಪೆಕ್ಟರ್ ಐವತ್ತರ ಹತ್ತಿರದ ಹೆಂಗಸು; ಬಾಯಿ ಕಡಿಮೆ, ಕಿವಿ ಜಾಸ್ತಿ. ಒಂದು ಗೋಲಿ ಎತ್ತಿ ಮೂಸಿ ನೋಡಿ, ಎದುರಿನ ಕುರ್ಚಿ ತೋರಿಸಿದರು.

ದೂರುದಾರ ಊರಾಚೆಯ ವೈನ್ ಮನೆಯವನು. ನಲವತ್ತೈದರ ವಯಸ್ಸು, ತಲೆಯ ಮೇಲೆ ಕೂದಲು ಹೆಸರಿಗಷ್ಟೆ. ದೊಡ್ಡ ಫ್ಯಾಕ್ಟರಿಯೇನಲ್ಲ ಅದು. ಎರಡು ತುಂಡು ದ್ರಾಕ್ಷಿತೋಟ, ಒಂದು ನೆಲಮಾಳಿಗೆ, ಇಪ್ಪತ್ತು ಮರದ ಪೀಪಾಯಿ. ಕೆಲಸಕ್ಕೆ ಎಂಬತ್ತಾರು ವರ್ಷದ ಅಪ್ಪ, ಇವನು, ಇವನ ಹೆಂಡತಿ, ಜೊತೆಗೆ ಒಬ್ಬ ಆಳು. ಮಾಡುವುದೂ ಕೆಂಪು ವೈನ್ ಒಂದೇ. ಈ ದಿನ ಬೆಳಿಗ್ಗೆ ಏಳಕ್ಕೆ ಹದಿನಾಲ್ಕನೇ ಪೀಪಾಯಿಯ ವೈನನ್ನು ಬಾಟಲಿಗೆ ಇಳಿಸಲು ಕೂತಿದ್ದಾರೆ. ಇನ್ನೂರ ತೊಂಬತ್ತು ಬಾಟಲಿ ತುಂಬಬೇಕಿತ್ತು, ಇನ್ನೂರ ಅರವತ್ತೈದಕ್ಕೆ ನಲ್ಲಿ ನಿಂತಿದೆ. ಖಾಲಿ ಪೀಪಾಯಿ ಉರುಳಿಸಲು ಹೋದರೆ ಅಲ್ಲಾಡಲೊಲ್ಲದು. ಒದ್ದರೆ ಒಳಗೆ ಗಡಗಡ ಸದ್ದು.

"ಯಾರ ಮೇಲಾದ್ರೂ ಅನುಮಾನ?"

"ಆಳಿನ ಮೇಲೆ. ಬೇರೆ ಯಾರು ಕೆಳಗಿಳೀತಾರೆ ಮೇಡಂ?"

"ಬೇರೆ ಪೀಪಾಯಿ ಮುಟ್ಟಿಲ್ವಾ?"

"ಇಲ್ಲ. ಇದೊಂದೇ. ಅದೂ ನಾವು ಮಾರದೇ ಇರೋ ವೈನು." ಯಾಕೆ ಮಾರುವುದಿಲ್ಲ ಎಂದು ಕೇಳಿದ್ದಕ್ಕೆ, "ಅಪ್ಪನ್ನ ಕೇಳಿ" ಅಂದ.

ಹತ್ತೂ ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ ಎಂಬ ಕಡೆ ದಫೇದಾರರು 'ಅಪರಿಚಿತ' ಎಂದು ಬರೆದರು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ಪಂಚರಾಗಿ ಒಬ್ಬ ಅಂಚೆಯವನೂ ಸೈಕಲ್ ಅಂಗಡಿಯವನೂ ಸಿಕ್ಕರು. ವೈನ್ ಮನೆ ಎಂದು ಕೇಳಿ ಇಬ್ಬರೂ ಕರೆಯುವ ಮೊದಲೇ ಹೊರಟಿದ್ದರು. ಹದಿನೇಳು ಮೆಟ್ಟಿಲು ಇಳಿದರೆ ನೆಲಮಾಳಿಗೆ. ಕೆಳಗೆ ತಂಪು, ಎರಡು ಸಾಲು ಪೀಪಾಯಿ, ಒಂದೊಂದರ ಮುಖದ ಮೇಲೂ ಸುಣ್ಣದಲ್ಲಿ ಬರೆದ ಅಂಕಿ. ಮೂರು ಮತ್ತು ಒಂಬತ್ತನೆಯದರ ಮೇಲೆ ಸೀಮೆಸುಣ್ಣದ ಕತ್ತರಿ ಗುರುತಿತ್ತು. ಸೋರುವ ಪೀಪಾಯಿ, ರಿಪೇರಿಗೆ ಅಂತ, ಎಂದ ಚಿಕ್ಕ ಯಜಮಾನ. ಗೋಡೆಯ ಪಕ್ಕ ಕಬ್ಬಿಣದ ಸರಳಿನ ಹಿಂದೆ ಬಾಟಲಿಗಳ ರಾಶಿ ಧೂಳು ಹಿಡಿದು ಮಲಗಿತ್ತು.

ಇನ್ಸ್‌ಪೆಕ್ಟರ್ ಹುಟ್ಟಿದಾರಭ್ಯ ವೈನು ಕುಡಿದವರಲ್ಲ. ಹದಿನಾಲ್ಕನೆಯದರ ಮೇಲಿನ ತೂತಿಗೆ ಮೂಗು ಕೊಟ್ಟು ನಿಂತರು. ಒದ್ದೆ ಮರ, ತೀರಾ ಹಣ್ಣಾದ ನೇರಳೆ, ಅದರಡಿಗೆ ಮಣ್ಣಿನದೇನೋ ಒಂದು ವಾಸನೆ. ಯಾಕೋ ತಮ್ಮ ಅಜ್ಜಿಯ ಕಪಾಟು ನೆನಪಾಗಿ, ಅವರಿಗೇ ಆಶ್ಚರ್ಯವಾಯಿತು.

ಮೆಟ್ಟಿಲಿನ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು ದೊಡ್ಡ ಯಜಮಾನ ಕೂತಿದ್ದ. ಊರುಗೋಲಿನ ಮೇಲೆ ಎರಡೂ ಕೈ, ಕೈಯ ಮೇಲೆ ಗದ್ದ.

"ಈ ವೈನು ಯಾಕೆ ಮಾರಲ್ಲ ಯಜಮಾನ್ರೇ?"

"ಮೇಲ್ತೋಟದ ಬಳ್ಳೀದು. ಅದು ಮಾರಾಟಕ್ಕಲ್ಲ."

"ಮನೆಯವರು ಕುಡೀತೀರಾ?"

"ಯಾರೂ ಕುಡಿಯಲ್ಲ."

"ಮತ್ತೆ ಯಾಕೆ ಮಾಡ್ತೀರಿ?"

ಮುದುಕ ಕೈಮೇಲಿಟ್ಟಿದ್ದ ಗದ್ದ ಎತ್ತಿದ. "ಬಳ್ಳಿ ಹಣ್ಣು ಬಿಡುತ್ತೆ, ಮಾಡ್ತೀನಿ. ಯಾರು ಮುಟ್ಟಿದ್ದು ಅಂತ ನನಗೆ ಗೊತ್ತಾಗ್ಬೇಕು ಮೇಡಂ. ದಂಡ ಬೇಡ, ಪರಿಹಾರ ಬೇಡ. ಯಾರು ಅಂತ ಅಷ್ಟೆ."

ಆಳಿಗೆ ಊರಿಟ್ಟ ಹೆಸರು ಗಡಿಬಿಡಿ. ನಿಂತಲ್ಲಿ ನಿಲ್ಲದ, ಕೇಳುವ ಮೊದಲೇ ಉತ್ತರಿಸುವ ಜಾತಿ. ಕೆಲಸ ಹೋಗುತ್ತದೆಂಬ ಭಯಕ್ಕೆ ಇವತ್ತು ಎರಡರಷ್ಟು ಗಡಿಬಿಡಿಯಾಗಿದ್ದ.

"ಪೀಪಾಯಿ ಅಂದ್ರೆ ಮರ ಅಲ್ವಾ ಮೇಡಂ, ಮರಾನೂ ವೈನು ಕುಡಿಯುತ್ತೆ. ವಾರಕ್ಕೊಂದು ಗುಟುಕು. ಆ ಜಾಗ ಖಾಲಿ ಬಿಟ್ರೆ ಗಾಳಿ ಸೇರಿ ಇಡೀ ಪೀಪಾಯಿ ಹುಳಿಯಾಗುತ್ತೆ. ಅದಕ್ಕೇ ಪ್ರತಿ ಶನಿವಾರ ಬಿರಡೆ ತೆಗೆದು ಬಾಯಿವರೆಗೆ ತುಂಬಿಸ್ತೀನಿ. ಎಷ್ಟು ಹಾಕಿದೆ ಅಂತ ಅಮ್ಮಾವ್ರು ಬುಕ್ಕಲ್ಲಿ ಬರ್ಕೋತಾರೆ."

"ಹದಿನಾಲ್ಕಕ್ಕೆ ಎಷ್ಟು ಹಾಕ್ತಿದ್ದೆ?"

"ಅಯ್ಯೋ ಅದು ಬಂಗಾರದಂಥಾ ಪೀಪಾಯಿ ಮೇಡಂ! ಒಂದು ತೊಟ್ಟೂ ಕುಡಿಯಲ್ಲ. ಯಾವಾಗ ನೋಡಿದ್ರೂ ತುಂಬಿ ತುಳುಕ್ತಾ..." ಮಾತು ಅಲ್ಲೇ ನಿಂತಿತು. ಗಡಿಬಿಡಿ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದ.

"ಇಲ್ಲಿಗೆ ಯಾರು ಯಾರು ಇಳೀತಾರೆ?"

"ಯಜಮಾನ್ರು, ಚಿಕ್ಕ ಯಜಮಾನ್ರು, ನಾನು. ಮೂರೇ ಜನ."

ಚಿಕ್ಕ ಯಜಮಾನನನ್ನು ಕೇಳಿದರೂ ಮೂರೇ ಜನ. ಮುದುಕನನ್ನು ಕೇಳಿದರೂ ಮೂರೇ. ದಫೇದಾರರು ಬರೆದುಕೊಂಡರು.

ಮಂಗಳವಾರ ಠಾಣೆಯ ಹಿತ್ತಲಲ್ಲಿ ದಫೇದಾರರು ಗೋಲಿ ಎಣಿಸಿದರು. ಎರಡು ಸಾವಿರದ ಮುನ್ನೂರ ಹನ್ನೊಂದು. ನಡುವೆ ಎರಡು ಸಲ ಲೆಕ್ಕ ತಪ್ಪಿ, ಎರಡು ಸಲವೂ ಕಾನ್‌ಸ್ಟೇಬಲ್‌ಗಳು ನಕ್ಕಿದ್ದೇ ಕಾರಣ ಎಂದು ರೇಗಿದರು. ಇನ್ಸ್‌ಪೆಕ್ಟರ್ ಒಂದು ಬಕೆಟ್ಟಿಗೆ ಅಂಚಿನವರೆಗೆ ನೀರು ತುಂಬಿಸಿ, ಒಂದೊಂದೇ ಗೋಲಿ ಬಿಡಿಸಿ, ಚೆಲ್ಲಿದ ನೀರನ್ನು ವೈನ್ ಬಾಟಲಿಗೆ ಹಿಡಿಸಿದರು. ತೊಂಬತ್ತೆರಡು ಗೋಲಿಗೆ ಬಾಟಲಿ ತುಂಬಿತು.

"ಎಲ್ಲ ಗೋಲಿಗೂ ಲೆಕ್ಕ ಹಾಕಿದ್ರೆ ಇಪ್ಪತ್ತೈದು ಬಾಟಲಿ ಮೇಡಂ," ಎಂದರು ದಫೇದಾರರು. "ಪಕ್ಕಾ. ಆದ್ರೆ ನನಗೊಂದು ತಲೆಗೆ ಹೋಗ್ತಿಲ್ಲ. ಕಳ್ಳನಿಗೆ ನೀರು ಹಾಕೋಕೆ ಏನಾಗಿತ್ತು ರೋಗ? ನಲ್ಲಿ ಪಕ್ಕದಲ್ಲೇ ಇದೆ."

"ನೀರು ಹಾಕಿದ್ರೆ ಉಳಿದಿದ್ದು ಕೆಡುತ್ತೆ."

"ಕಳ್ಳನಿಗೆ ಅದರ ಚಿಂತೆ ಯಾಕೆ?"

"ಅದೇ ನೋಡಿ," ಎಂದರು ಇನ್ಸ್‌ಪೆಕ್ಟರ್. "ಚಿಂತೆ ಇರೋ ಕಳ್ಳ."

ಆ ಮಧ್ಯಾಹ್ನ ನೆಲಮಾಳಿಗೆಯ ಪುಸ್ತಕ ಠಾಣೆಗೆ ಬಂತು. ಸೊಸೆಯ ಅಕ್ಷರ ಅಚ್ಚುಕಟ್ಟು. ಶನಿವಾರ ಶನಿವಾರ ಯಾವ ಪೀಪಾಯಿಗೆ ಎಷ್ಟು ಹಾಕಿದ್ದು ಎಂದು ನಮೂದು. ಹದಿನಾಲ್ಕರ ಮುಂದೆ ಮಾತ್ರ ಕಳೆದ ಇಪ್ಪತ್ನಾಲ್ಕು ವಾರದಿಂದ ಸೊನ್ನೆ. ಇಪ್ಪತ್ನಾಲ್ಕು ವಾರಕ್ಕೆ ಇಪ್ಪತ್ನಾಲ್ಕು ಬಾಟಲಿ. ಉಳಿದೊಂದು ಬಾಟಲಿಯಷ್ಟನ್ನು ಮರವೇ ಕುಡಿದಿತ್ತು, ಆ ಜಾಗವನ್ನೂ ಕಳ್ಳ ಗೋಲಿಯಿಂದ ತುಂಬಿಸಿದ್ದ. ಅಂದರೆ ಅವನು ವಾರಕ್ಕೊಮ್ಮೆ, ಶನಿವಾರಕ್ಕೆ ಮುಂಚೆ ಬರುವವನು. ಇನ್ಸ್‌ಪೆಕ್ಟರ್ ಮತ್ತೊಮ್ಮೆ ಪುಟ ತಿರುವಿದರು. ಚಿಕ್ಕ ಯಜಮಾನ ರುಚಿ ನೋಡಿದ. ಗಡಿಬಿಡಿ ನೆಲ ತೊಳೆದ. ದೊಡ್ಡ ಯಜಮಾನ ಬೀಗ ಬದಲಿಸಿದ. ಎಲ್ಲದಕ್ಕೂ ಮಾಡಿದವರ ಗುರುತಿತ್ತು. ಗುರುವಾರ ಮಾತ್ರ ಒಂದೇ ಸಾಲು: 'ಪೀಪಾಯಿ ರಿಪೇರಿ ಆಯಿತು.' ಪ್ರತಿ ಗುರುವಾರ ಅದೇ ಸಾಲು, ಮಾಡಿದವರ ಗುರುತಿಲ್ಲ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಇನ್ಸ್‌ಪೆಕ್ಟರ್ ವೈನ್ ಮನೆಯ ಹಿತ್ತಲಿನಲ್ಲಿ ಸೊಸೆಯ ಎದುರು ನಿಂತಿದ್ದರು. ಆಕೆ ಬಟ್ಟೆ ಒಣಹಾಕುತ್ತಿದ್ದಳು.

"ಗುರುವಾರ ರಿಪೇರಿ ಮಾಡೋದು ಯಾರಮ್ಮಾ?"

ಸೊಸೆ ಮನೆಯ ಬಾಗಿಲ ಕಡೆ ನೋಡಿದಳು. ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಎರಡನೇ ಸಲ ಹಿಂಡಿದಳು. "ಪೀಪಾಯಿ ಮೇಸ್ತ್ರಿ."

"ಹೊರಗಿನವರಾ?"

"ಹೊರಗಿನವರು ಅಂದ್ರೆ... ಈ ಮನೆ ಅಳಿಯ."

ಆಮೇಲೆ ಮಾತು ತಾನಾಗಿ ಬಂತು. ಮದುವೆಯಾಗಿ ಬಂದಂದಿನಿಂದ ಒಳಗೇ ಇಟ್ಟುಕೊಂಡಿದ್ದಳೋ ಏನೋ. ಚಿಕ್ಕ ಯಜಮಾನನಿಗೆ ಒಬ್ಬಳು ಅಕ್ಕ. ಮೇಲ್ತೋಟದ ಬಳ್ಳಿಗೆಲ್ಲ ಕಸಿ ಕಟ್ಟಿದ್ದು ಅವಳೇ. ಹಿಡಿಯೋದಿಲ್ಲ ಬಿಡು ಎಂದು ಅಪ್ಪ ಹಾಸ್ಯ ಮಾಡಿದ್ದನಂತೆ, ನೂರಕ್ಕೆ ತೊಂಬತ್ತು ಹಿಡಿದವು. ನೆಲಮಾಳಿಗೆಯಲ್ಲಿ ಅಪ್ಪ ಮಗಳದೇ ರಾಜ್ಯ. ಅವಳು ಇಪ್ಪತ್ತೇಳು ವರ್ಷದವಳಿದ್ದಾಗ ಒಂದು ಬೆಳಿಗ್ಗೆ ಪೀಪಾಯಿ ಮಾಡುವವನ ಜೊತೆ ಹೊರಟು ಹೋದಳು. ಆವತ್ತಿಗೆ ಈ ಮನೆಯಲ್ಲಿ ಆ ಇಬ್ಬರ ಮಾತು ಮುಗಿಯಿತು.

"ಮೂವತ್ತಮೂರು ವರ್ಷ ಆಯ್ತು. ಹೆಸರು ಎತ್ತೋ ಹಾಗಿಲ್ಲ, ಬರೆಯೋ ಹಾಗಿಲ್ಲ. ಆದ್ರೆ ಸುತ್ತ ಎಲ್ಲೂ ಬೇರೆ ಪೀಪಾಯಿ ಮೇಸ್ತ್ರಿ ಇಲ್ಲ ನೋಡಿ. ಅದಕ್ಕೇ ಅವರು ಗುರುವಾರ ಆಳುಗಳ ಗೇಟಿಂದ ಬರ್ತಾರೆ. ಮಾವ ಸೋರೋ ಪೀಪಾಯಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿರ್ತಾರೆ. ಅವರು ರಿಪೇರಿ ಮಾಡಿ ಗುರುತು ಒರೆಸಿ ಹೋಗ್ತಾರೆ. ಅಷ್ಟೆ."

"ಅವರು ಬಂದಾಗ ಕೆಳಗೆ ಜೊತೆಗೆ ಯಾರಿರ್ತಾರೆ?"

"ಯಾರೂ ಇರೋ ಹಾಗಿಲ್ಲ. ಮಾವನ ಕಟ್ಟಪ್ಪಣೆ. ಗಡಿಬಿಡಿ ಬೀಗ ತೆಗೆದು ಮೇಲೆ ಬಂದುಬಿಡ್ತಾನೆ."

ಇನ್ಸ್‌ಪೆಕ್ಟರ್‌ಗೆ ನಗು ಬರುವುದರಲ್ಲಿತ್ತು, ಬರಲಿಲ್ಲ. ಮೂರು ಜನರೂ ಸುಳ್ಳು ಹೇಳಿರಲಿಲ್ಲ. ಮೂವತ್ತಮೂರು ವರ್ಷದಿಂದ ಒಬ್ಬ ಮನುಷ್ಯನನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟು ಬಿಟ್ಟು, ಅವನು ಬರುತ್ತಾನೆಂಬುದೇ ಅವರಿಗೆ ಮರೆತುಹೋಗಿತ್ತು. ಬೀಗ, ಸರಳು, ಪುಸ್ತಕ ಎಲ್ಲ ಇಟ್ಟುಕೊಂಡು ಕಣ್ಣೆದುರಿನ ಬಾಗಿಲೊಂದನ್ನು ಹಾರುಹೊಡೆದುಕೊಂಡು ಕೂತಿದ್ದರು.

"ನಿಮ್ಮ ಯಜಮಾನ್ರ ಅಕ್ಕ ಹೇಗಿದಾರೆ?"

"ಗೊತ್ತಿಲ್ಲ ಮೇಡಂ. ನಾನು ಅವರ ಮುಖಾನೇ ನೋಡಿಲ್ಲ." ಸೊಸೆ ಅಂಗಿಯನ್ನು ಹಗ್ಗಕ್ಕೆ ಹಾಕಿದಳು. "ಮೇಲ್ತೋಟದ ವೈನು ಯಾಕೆ ಮಾರಲ್ಲ ಅಂತ ಕೇಳಿದ್ರಂತಲ್ಲ. ಆ ಬಾಟಲಿ ಎಲ್ಲ ಇಟ್ಟಿರೋದು ಅವರು ವಾಪಸ್ ಬಂದಾಗ ಅಂತ. ಮಾವ ಬಾಯಿಬಿಟ್ಟು ಹೇಳಿಲ್ಲ. ನನಗೆ ಗೊತ್ತು."

ಅದೇ ಮಧ್ಯಾಹ್ನ ಪೇಟೆಯ ಆಟಿಕೆ ಅಂಗಡಿಯವನ ಹೇಳಿಕೆ ದಾಖಲಾಯಿತು. ದೊಡ್ಡ ಗೋಲಿ ಕೊಳ್ಳುವ ಗಿರಾಕಿ ಒಬ್ಬರೇ, ಪೀಪಾಯಿ ಮೇಸ್ತ್ರಿ. ಪ್ರತಿ ಬುಧವಾರ ಎರಡು ಪೊಟ್ಟಣ, ಬಣ್ಣವಿಲ್ಲದ್ದೇ ಬೇಕು. "ಮೊಮ್ಮಕ್ಕಳು ಬಹಳ ಇರ್ಬೇಕು ಅಂದ್ಕೊಂಡಿದ್ದೆ," ಎಂದ ಅಂಗಡಿಯವನು. ಮೇಸ್ತ್ರಿಗೆ ಮಕ್ಕಳೇ ಇಲ್ಲ ಎಂದು ದಫೇದಾರರು ಬೆಳಿಗ್ಗೆಯೇ ವಿಚಾರಿಸಿ ಬಂದಿದ್ದರು.

ಮಾರ್ಚ್ ಹದಿನಾಲ್ಕು, ಗುರುವಾರ. ಮಧ್ಯಾಹ್ನ ಎರಡೂಕಾಲಕ್ಕೆ ಇನ್ಸ್‌ಪೆಕ್ಟರ್ ಮತ್ತು ದಫೇದಾರರು ಇಪ್ಪತ್ತನೇ ಪೀಪಾಯಿಯ ಹಿಂದೆ ಕೂತರು. ಎರಡೂವರೆಗೆ ಬೀಗ ತೆಗೆದ ಸದ್ದು, ಗಡಿಬಿಡಿ ದಡದಡ ಮೇಲೆ ಓಡಿದ ಸದ್ದು, ಆಮೇಲೆ ನಿಧಾನದ ಹೆಜ್ಜೆ.

ಅರವತ್ತು ದಾಟಿದ ಮನುಷ್ಯ. ಅಗಲ ಭುಜ, ಬಾಗಿದ ಬೆನ್ನು. ಹೆಗಲಿನ ಚೀಲ ಇಳಿಸಿ, ಮೂರನೆಯದಕ್ಕೂ ಒಂಬತ್ತನೆಯದಕ್ಕೂ ಹಾಕಿದ್ದ ಗುರುತು ನೋಡಿ, ಕೊಡತಿ ತೆಗೆದು ಕೆಲಸಕ್ಕೆ ಕೂತ. ಮುಕ್ಕಾಲು ಗಂಟೆ ಒಂದೇ ಸಮ ಬಡಿದ. ಕಳ್ಳತನಕ್ಕೆ ಬಂದವನು ಮೊದಲು ಕೂಲಿ ಕೆಲಸವನ್ನು ಇಷ್ಟು ಚೊಕ್ಕಟವಾಗಿ ಮುಗಿಸಿದ್ದನ್ನು ದಫೇದಾರರು ಕಂಡಿರಲಿಲ್ಲ. ಮೇಡಂ ಕಡೆ ನೋಡಿ ಹುಬ್ಬು ಹಾರಿಸಿದರು. ಕೊನೆಗೆ ಮೇಸ್ತ್ರಿ ಗುರುತುಗಳನ್ನು ಅಂಗೈಯಿಂದ ಒರೆಸಿ, ಹದಿನಾಲ್ಕರ ಕಡೆ ಬಂದ.

ಅದು ಬಾಯಿ ತೆರೆದುಕೊಂಡು ಖಾಲಿ ನಿಂತಿತ್ತು. ಅವನು ಒಳಗೆ ಬಗ್ಗಿ ನೋಡಿದ. ಚೀಲದಿಂದ ಖಾಲಿ ಬಾಟಲಿಯೊಂದನ್ನು ತೆಗೆದು, ಅದನ್ನು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಒಳಗಿಟ್ಟ. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಇನ್ಸ್‌ಪೆಕ್ಟರ್ ಎದ್ದು ಬಂದರು. ಅವನು ಓಡಲೂ ಇಲ್ಲ, ಏಳಲೂ ಇಲ್ಲ.

"ಹುಳಿಯಾಗಿತ್ತಾ ಮೇಡಂ?" ಎಂದ.

"ಇಲ್ಲ. ಚೆನ್ನಾಗಿದೆಯಂತೆ."

"ಸದ್ಯ," ಎಂದು ಉಸಿರು ಬಿಟ್ಟ. ಅವನ ಚೀಲದಲ್ಲಿ ಎರಡು ಪೊಟ್ಟಣ ಗೋಲಿ, ಎರಡು ಮಾರು ರಬ್ಬರ್ ಪೈಪು ಸಿಕ್ಕಿದವು. ದಫೇದಾರರು ಪಟ್ಟಿ ಮಾಡಿಕೊಂಡರು.

"ಎಷ್ಟು ದಿನದಿಂದ?"

"ಸೆಪ್ಟೆಂಬರಿಂದ."

"ಯಾರಿಗೆ ಮಾರ್ತಿದ್ದೆ?"

"ಮಾರೋದಾ?" ಅವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮನೆಗೆ ಮೇಡಂ. ನನ್ನ ಹೆಂಡ್ತಿಗೆ."

"ಕುಡೀತಾರಾ?"

"ಎರಡು ಬೆರಳಷ್ಟು. ಜಾಸ್ತಿ ಮೂಸೋದೇ." ಅವನು ಅಂಗೈಯ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡ. "ಅವಳಿಗೆ ಮರೆವು. ಮೂರು ವರ್ಷ ಆಯ್ತು. ಮೊದಲು ದಿನ ಮರೆತಳು, ಆಮೇಲೆ ಬೀದಿ, ಆಮೇಲೆ ನನ್ನ. ಬೆಳಿಗ್ಗೆ ಎದ್ರೆ ಯಾರು ನೀವು ಅಂತಾಳೆ. ನೀವು ಅಂತ, ಬಹುವಚನದಲ್ಲಿ. ನಾನು ಯಾರೋ ಬಂದು ಮನೇಲಿ ಸೇರ್ಕೊಂಡಿದೀನಿ ಅಂತ ಮರ್ಯಾದೆ ಕೊಡ್ತಾಳೆ."

ಇನ್ಸ್‌ಪೆಕ್ಟರ್ ಪಕ್ಕದ ಪೀಪಾಯಿಗೆ ಒರಗಿ ನಿಂತರು.

"ಸೆಪ್ಟೆಂಬರಲ್ಲಿ ಒಂದು ಗುರುವಾರ ಈ ಪೀಪಾಯಿ ಬಿರಡೆ ಬಿಗಿ ಮಾಡುವಾಗ ವೈನು ತೋಳಿಗೆ ಚೆಲ್ತು. ಹಾಗೇ ಮನೆಗೆ ಹೋದೆ. ಅವಳು ತೋಳು ಹಿಡ್ಕೊಂಡು ಮೂಸಿ, ಏನೋ ಪೀಪಾಯಿ, ಇವತ್ತು ಲೇಟು ಅಂದ್ಲು. ಮದುವೆಗೆ ಮುಂಚೆ ಹಾಗೇ ಕರೀತಿದ್ದಿದ್ದು. ಅರ್ಧ ಗಂಟೆ ಮಾತಾಡಿದ್ಲು ಮೇಡಂ. ನಾನು ಯಾರು ಅಂತ ಗೊತ್ತಿತ್ತು ಅವಳಿಗೆ. ಆಮೇಲೆ ಮತ್ತೆ ಹೋದ್ಲು."

"ಅದಕ್ಕೆ ವಾರಕ್ಕೊಂದು ಬಾಟಲಿ."

"ದಿನಾ ಸಂಜೆ ಅರ್ಧ ಗಂಟೆ. ಒಂದೊಂದು ಸಲ ಹತ್ತೇ ನಿಮಿಷ. ಒಂದೊಂದು ಸಲ ಏನೂ ಇಲ್ಲ."

"ಪೇಟೇಲಿ ಬೇರೆ ವೈನು ಸಿಗಲ್ವಾ?"

"ಆರೇಳು ತಂದು ನೋಡಿದೆ. ಮೂಸಿ ಪಕ್ಕಕ್ಕಿಟ್ಲು. ಇದು ಅವಳ ಕೈಯ ಬಳ್ಳಿ ಅಲ್ವಾ."

"ಕೇಳಬಹುದಿತ್ತಲ್ಲ. ಒಂದು ಮಾತು."

ಮೇಸ್ತ್ರಿ ನಕ್ಕ. ಅಂಥ ದಣಿದ ನಗುವನ್ನು ಇನ್ಸ್‌ಪೆಕ್ಟರ್ ಬಹಳ ದಿನದಿಂದ ಕಂಡಿರಲಿಲ್ಲ. "ಈ ಮನೇಲಿ ನನ್ನ ಜೊತೆ ಯಾರು ಮಾತಾಡ್ತಾರೆ ಮೇಡಂ? ಸೀಮೆಸುಣ್ಣದಲ್ಲಿ ಎಷ್ಟು ಅಂತ ಕೇಳಲಿ?"

"ಅಷ್ಟು ಅವಮಾನ ಆದ್ಮೇಲೂ ಯಾಕೆ ಬರ್ತಿದ್ದೆ?"

"ಅವಳಿಗೋಸ್ಕರ. ಗುರುವಾರ ಮನೆಗೆ ಹೋದ್ರೆ ಬಾಗಿಲಲ್ಲೇ ಕಾಯೋಳು. ಅಪ್ಪನ ಚಪ್ಪಲಿ ಹೊರಗಿತ್ತಾ, ಕೆಮ್ಮಿದ್ದು ಕೇಳಿಸ್ತಾ, ತಮ್ಮ ಎಷ್ಟೆತ್ತರ ಆದ. ನಾನು ಕಂಡಿದ್ದು ಹೇಳ್ತಿದ್ದೆ, ಕಾಣದೇ ಇದ್ದಿದ್ದನ್ನೂ ಹೇಳ್ತಿದ್ದೆ. ಮೂವತ್ತು ವರ್ಷ ಹಾಗೇ ಹೇಳಿದೀನಿ."

ದಫೇದಾರರು ಬರೆಯುವುದನ್ನು ನಿಲ್ಲಿಸಿ ಕೆಮ್ಮಿದರು. ನೆಲಮಾಳಿಗೆಯ ತಂಪು ಆಗಿಬರಲಿಲ್ಲ ಎಂದರು.

"ಇನ್ನು ಎಷ್ಟಿದೆ ಮನೇಲಿ?" ಎಂದು ಕೇಳಿದರು ಇನ್ಸ್‌ಪೆಕ್ಟರ್.

"ಕಾಲು ಬಾಟಲಿ. ಇವತ್ತಿನ ಸಂಜೇದು."

ಸಂಜೆ ನಾಲ್ಕೂ ನಲವತ್ತೈದಕ್ಕೆ ಮೇಸ್ತ್ರಿಯ ಮನೆಯ ಶೋಧನೆ. ಮುಂದೆ ಮರಗೆಲಸದ ಶೆಡ್ಡು, ಹಿಂದೆ ಎರಡು ಕೋಣೆ. ಒಳಗೆಲ್ಲ ಮರದ ಹೊಟ್ಟಿನ ವಾಸನೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹೆಂಡತಿ ಕೂತಿದ್ದಳು. ನೆರೆಮನೆಯ ಹೆಂಗಸು ಜೊತೆಗಿದ್ದಳು. ಹೆಂಡತಿಯ ತಲೆ ನೀಟಾಗಿ ಬಾಚಿತ್ತು, ಉಗುರು ಕತ್ತರಿಸಿತ್ತು, ಕಾಲಿಗೆ ಉಣ್ಣೆಯ ಕಾಲುಚೀಲ. ಗಂಡ ಒಳಗೆ ಬಂದಾಗ ಆಕೆ ಸ್ವಲ್ಪ ಸರಿದು ಕೂತು, "ಯಾರು ಬೇಕಾಗಿತ್ತು?" ಎಂದಳು.

"ಏನಿಲ್ಲ, ಕೂತ್ಕೋ," ಎಂದ ಅವನು. ಬಾಗಿಲ ಬಳಿಯೇ ನಿಂತ.

ಕಪಾಟಿನಲ್ಲಿ ಕಾಲು ಬಾಟಲಿ ವೈನು, ಇಪ್ಪತ್ತಮೂರು ತೊಳೆದ ಖಾಲಿ ಬಾಟಲಿ. ವಶಪಡಿಸಿಕೊಂಡ ಮಾಲನ್ನು ಮಾಲಿನ ಒಡೆಯ ಗುರುತಿಸಬೇಕು. ಚಿಕ್ಕ ಯಜಮಾನನೇ ಬಂದರೆ ಸಾಕಿತ್ತು. ಆದರೆ ಕಾನ್‌ಸ್ಟೇಬಲ್ ವೈನ್ ಮನೆಗೆ ಹೋಗಿ ಕರೆದಾಗ, ಯಾರ ಮನೆಗೆ ಎಂದು ಕೇಳಿದ ಮುದುಕ, ಉತ್ತರ ಕೇಳಿ, ತಾನೂ ಹೊರಟನಂತೆ. ಐದೂ ಇಪ್ಪತ್ತಕ್ಕೆ ಮಗನ ತೋಳು ಹಿಡಿದು ಹೊಸ್ತಿಲು ದಾಟಿದ. ಬಾಗಿಲಲ್ಲಿದ್ದ ಅಳಿಯನನ್ನು ನೋಡಲಿಲ್ಲ. ಕಿಟ‌ಕಿಯ ಕಡೆ ನೋಡಿ ನಿಂತುಬಿಟ್ಟ. ಮನೆಬಿಟ್ಟು ಹೋದ ಇಪ್ಪತ್ತೇಳರ ಹುಡುಗಿಯ ಮೇಲೆ ಇಷ್ಟು ವರ್ಷ ಸಿಟ್ಟು ಹಿಡಿದು ಕೂತಿದ್ದವನು, ಎದುರಿಗೆ ಬೆಳ್ಳಗೆ ತಲೆ ನರೆತ ಹೆಂಗಸನ್ನು ಕಂಡ.

"ಅಕ್ಕಾ," ಎಂದ ಚಿಕ್ಕ ಯಜಮಾನ. ಆಕೆ ಅವನನ್ನು ದಾಟಿ ಎಲ್ಲೋ ನೋಡಿದಳು. ಆಕೆಯ ತಮ್ಮನಿಗೆ ಹನ್ನೆರಡು ವರ್ಷ, ತಲೆತುಂಬ ಕೂದಲು. ಈ ಬೋಳುತಲೆಯವನು ಯಾರೋ.

"ಗುರುತಿಸಬೇಕು ಯಜಮಾನ್ರೇ," ಎಂದರು ಇನ್ಸ್‌ಪೆಕ್ಟರ್, ಆದಷ್ಟು ಮೆಲ್ಲಗೆ.

ಮುದುಕ ಬಾಟಲಿಯಿಂದ ಎರಡು ಬೆರಳಷ್ಟನ್ನು ಲೋಟಕ್ಕೆ ಸುರಿದ. ಅರ್ಧ ಮೇಜಿಗೆ ಚೆಲ್ಲಿತು. ಮೂಸಿದ. "ನಮ್ಮದೇ," ಎಂದ. "ಮೇಲ್ತೋಟ."

ಚಿಕ್ಕ ಕೋಣೆ, ವಾಸನೆ ಹರಡಲು ಎಷ್ಟು ಹೊತ್ತು. ಕುರ್ಚಿಯಲ್ಲಿದ್ದವಳು ತಲೆ ಎತ್ತಿದಳು. ಮೇಸ್ತ್ರಿ ಬಾಗಿಲಲ್ಲಿ ಒಂದು ಹೆಜ್ಜೆ ಮುಂದಿಟ್ಟ. ಅವನ ಮುಖದಲ್ಲಿ ಆಸೆ ಎದ್ದು ಕಾಣುತ್ತಿತ್ತು. ಇನ್ಸ್‌ಪೆಕ್ಟರ್‌ಗೂ ಅದೇ ಆಸೆ. ಒಂದು ಸಲ ಕರೀಲಿ ಇವನನ್ನ, ಎಂದುಕೊಂಡರು, ಜೀಪು ಹತ್ತೋ ಮುಂಚೆ ಒಂದೇ ಒಂದು ಸಲ.

ಆಕೆ ಕರೆದದ್ದು ಅವನನ್ನಲ್ಲ.

"ಅಪ್ಪಾ," ಎಂದಳು. "ಎಷ್ಟು ಹೊತ್ತು ಮಾಡಿದ್ಯಪ್ಪಾ ಬರೋಕೆ."

ಮುದುಕ ಲೋಟವನ್ನು ಕೆಳಗಿಟ್ಟ. ನೆರೆಮನೆಯವಳು ಕುರ್ಚಿ ಬಿಟ್ಟುಕೊಟ್ಟಳು. ಅವನು ಮಗಳ ಪಕ್ಕ ಕೂತು, ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಅತ್ತ.

"ಅಳ್ಬೇಡ. ನನಗೇನು ಬೇಜಾರಿಲ್ಲ," ಎಂದಳು ಮಗಳು. ಆಮೇಲೆ ದನಿ ತಗ್ಗಿಸಿ, "ಅಪ್ಪಾ, ಆ ಬಾಗಿಲಲ್ಲಿ ನಿಂತಿರೋರು ಯಾರು? ದಿನಾ ಇರ್ತಾರೆ. ನನಗೆ ತಲೆ ಬಾಚ್ತಾರೆ. ಒಳ್ಳೆಯವರು ಕಾಣುತ್ತೆ. ಕೇಳಿದ್ರೆ ತಪ್ಪು ತಿಳ್ಕೋತಾರೇನೋ ಅಂತ ಕೇಳಿಲ್ಲ."

ದಫೇದಾರರು ಬಂಧನದ ಮೆಮೋ ತುಂಬುತ್ತ ಬಾಗಿಲ ಕಡೆ ಬಂದರು. ಕಾನೂನಿನ ಕೆಲಸ ಕಣ್ಣೀರಿಗೆ ಕಾಯುವುದಿಲ್ಲವಲ್ಲ. ಅವರಿಗೂ ಅದು ಬೇಕಿರಲಿಲ್ಲ, ಬೇರೆ ದಾರಿಯಿರಲಿಲ್ಲ.

"ಅರೆಸ್ಟ್ ಮಾಡಿದ ವಿಷಯ ಸಂಬಂಧಿಕರೊಬ್ಬರಿಗೆ ತಿಳಿಸ್ಬೇಕು. ಯಾರಿಗೆ ತಿಳಿಸೋಣ?"

"ನನಗೆ ಇನ್ಯಾರಿದಾರೆ ಸಾರ್. ಅವಳೊಬ್ಬಳು. ಅವಳಿಗೆ ಹೇಳಿದ್ರೂ ಅಷ್ಟೆ. ಖಾಲಿ ಬಿಡಿ."

"ಖಾಲಿ ಬಿಡೋ ಹಾಗಿಲ್ಲ."

"ನನಗೆ ತಿಳಿಸಿದೀರಿ ಅಂತ ಬರ್ಕೊಳ್ಳಿ," ಎಂದ ಮುದುಕ, ತಲೆ ಎತ್ತದೆ.

ದಫೇದಾರರು ಇನ್ಸ್‌ಪೆಕ್ಟರ್ ಮುಖ ನೋಡಿದರು. ಆಕೆ ತಲೆ ಆಡಿಸಿದರು. "ಸಂಬಂಧ ಏನಂತ ಬರೀಲಿ ಯಜಮಾನ್ರೇ?"

ಶೆಡ್ಡಿನಲ್ಲಿ ಎಲ್ಲೋ ಒಂದು ತುಂಡು ಮರ ಜಾರಿ ಬಿತ್ತು. ಮಗಳು ಅಪ್ಪನ ತೋಳು ಜಗ್ಗಿದಳು. "ಹೇಳಪ್ಪಾ. ಯಾರು ಅವರು?"

"ನಿನ್ನ ಗಂಡ ಕಣಮ್ಮ," ಎಂದ ಮುದುಕ.

ದಫೇದಾರರು ಮತ್ತೆ ಕೇಳದೆ 'ಮಾವ' ಎಂದು ಬರೆದುಕೊಂಡರು.

ಆಕೆ ಬಾಗಿಲ ಕಡೆ ತಿರುಗಿ, ಮೇಸ್ತ್ರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವರಾ?" ಎಂದಳು. ಬಾಯಿಗೆ ಕೈ ಅಡ್ಡ ಹಿಡಿದು ಹುಡುಗಿಯ ಹಾಗೆ ನಕ್ಕಳು. "ಇಷ್ಟು ವಯಸ್ಸಾದೋರಾ?"

ಮೇಸ್ತ್ರಿಯೂ ನಕ್ಕುಬಿಟ್ಟ. ನಗುತ್ತಲೇ ಕಣ್ಣು ಒರೆಸಿಕೊಂಡ. ಐದೂ ಐವತ್ತಕ್ಕೆ ಅವನನ್ನು ಜೀಪಿಗೆ ಹತ್ತಿಸಿದರು. ಮುದುಕ ಮನೆಗೆ ಹೊರಡಲಿಲ್ಲ. ಇವಳ ಜೊತೆ ಯಾರಾದರೂ ಇರಬೇಕಲ್ಲ, ಎಂದ. ಇನ್ಸ್‌ಪೆಕ್ಟರ್ ಒಬ್ಬಳು ಮಹಿಳಾ ಕಾನ್‌ಸ್ಟೇಬಲ್‌ಳನ್ನು ಏಳೂವರೆಯವರೆಗೆ ಅಲ್ಲೇ ಬಿಟ್ಟರು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಆರೋಪಿಯನ್ನು ಕೋರ್ಟಿಗೆ ಹಾಜರುಪಡಿಸಿದರು. ದೂರು ಕೊಟ್ಟ ಚಿಕ್ಕ ಯಜಮಾನನೇ ಜಾಮೀನಿಗೂ ನಿಂತ. ಕೇಸು ವಾಪಸ್ ಪಡೆಯಬಹುದೇ ಎಂದು ಕೇಳಿದ್ದಕ್ಕೆ, ಅದು ಇನ್ನು ಕೋರ್ಟಿನ ಕೈಯಲ್ಲಿದೆ ಎಂದರು ಇನ್ಸ್‌ಪೆಕ್ಟರ್. ಗಡಿಬಿಡಿಯ ಮೇಲಿನ ಅನುಮಾನಕ್ಕೆ ಆಧಾರವಿಲ್ಲವೆಂದು ಬರೆದರು. ಕೇಸ್ ಡೈರಿಯ ಕೊನೆಗೆ, ಕೃತ್ಯದ ಉದ್ದೇಶ ಎಂಬ ಕಡೆ, ಬಹಳ ಹೊತ್ತು ಪೆನ್ನು ಹಿಡಿದು ಕೂತು, 'ಹೆಂಡತಿ ತನ್ನನ್ನು ಗುರುತಿಸಲಿ ಎಂದು' ಎಂದಷ್ಟೇ ಬರೆದರು. ಮೇಲಿನವರು ಓದಿ ಏನೆಂದುಕೊಳ್ಳುತ್ತಾರೋ ಎಂದು ಅನ್ನಿಸಿತು. ಹೊಡೆದು ಹಾಕಲಿಲ್ಲ.

ಮಹಿಳಾ ಕಾನ್‌ಸ್ಟೇಬಲ್ ಹಿಂದಿನ ಸಂಜೆಯ ವರದಿ ಒಪ್ಪಿಸಲು ಬಂದಳು.

"ಆಯಮ್ಮ ಮತ್ತೆ ಮತ್ತೆ ಅದೇ ಕೇಳ್ತಿದ್ರು ಮೇಡಂ. ಬಾಗಿಲಲ್ಲಿ ನಿಂತಿದ್ದೋರು ಯಾರು, ಎಲ್ಲಿ ಹೋದ್ರು ಅಂತ. ನಾನು ಇದ್ದಷ್ಟು ಹೊತ್ತಲ್ಲಿ ಹತ್ತು ಸಲ ಕೇಳಿದ್ರು. ಮುದುಕರು ಹತ್ತು ಸಲಾನೂ ಹೇಳಿದ್ರು. ನಿನ್ನ ಗಂಡ, ನಾಳೆ ಬರ್ತಾರೆ ಅಂತ."

"ಬೇಸರ ಮಾಡ್ಕೊಳ್ಲಿಲ್ವಾ?"

"ಇಲ್ಲ ಮೇಡಂ. ಆಮೇಲೆ ಆಯಮ್ಮ ಸುಮ್ಮನಾದ್ರು, ನಿದ್ದೆ ಬಂದ ಹಾಗಿತ್ತು. ಕೇಳ್ಲೇ ಇಲ್ಲ." ಅವಳು ಟೋಪಿ ಸರಿಮಾಡಿಕೊಂಡಳು. "ಹನ್ನೊಂದನೇ ಸಲ ಮುದುಕರೇ ತಾವಾಗಿ ಹೇಳಿದ್ರು."